ಸುಣ್ಣ ಬಳಿದ ಗೋಡೆ

ಜೈತುನಕ್ಕಾ,

ಹೆಡ್‌ಮಾಸ್ತರು ನಮ್ಮ ಒಂದನೇ ತರಗತಿಯ ಗೋಡೆಗೆ ಸುಣ್ಣ ಬಳಿಸಿಬಿಟ್ಟಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಜೂನಿನಿಂದ ಮಕ್ಕಳು ಏನೇನು ಮಾಡಿದ್ದರೆಂದು ನಿನಗೆ ಗೊತ್ತು. ಹುಣಸೆ ಬೀಜದಲ್ಲಿ ಲೆಕ್ಕ ಕಲಿತು, ಅರ್ಧ ಬೀಜ ಹುರಿದು ತಿಂದಿದ್ದರು. ನೀನು ಬಾಗಳಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಕೆರೆಮಣ್ಣಿನಲ್ಲಿ ಅಲ್ಲಿನ ಕಲ್ಲೇಶ್ವರನ ಗುಡಿ ಕಟ್ಟಿದ್ದರು. ಅದೆಲ್ಲ ಒಡೆದರೆ ಮತ್ತೆ ಮಾಡಬಹುದು. ಆದರೆ ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ನೀನು ಕೆಮ್ಮಣ್ಣಿನಲ್ಲಿ ಎಳೆದ ಎತ್ತರದ ಗೆರೆಗಳು? ದಸರಾ ರಜೆಗೆ ಮುಂಚೆ ಮತ್ತೆ ಅಳೆಯುತ್ತೇನೆಂದು ನೀನೇ ಅವರಿಗೆ ಮಾತು ಕೊಟ್ಟಿದ್ದೆ.

"ಸಾಹೇಬ್ರು ತಪಾಸಣಿಗೆ ಬರ್ತಾರ, ಗ್ವಾಡಿ ಹೊಲಸು ಕಾಣ್ತಿತ್ತು ನೋಡ್ರಿ" ಎಂದರು ಹೆಡ್‌ಮಾಸ್ತರು. ಆ ಸಾಹೇಬರು ಬಂದು ಬಿಳಿ ಗೋಡೆ ನೋಡಿ, "ಚಟುವಟಿಕಿ ಏನೂ ಮಾಡ್ಸೇ ಇಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು. ಹೆಡ್‌ಮಾಸ್ತರು ಕಿಟಕಿ ಕಡೆ ನೋಡುತ್ತ ನಿಂತರು.

ಸಾಹೇಬರ ಜೀಪು ಹೋದ ಮೇಲೆ ನಮ್ಮ ತರಗತಿಯ ಪುಟ್ಟ ಕೊಟ್ರಬಸಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು, ನೀನು ಹೇಳಿಕೊಟ್ಟಂತೆಯೇ ಹಿಮ್ಮಡಿ ಎತ್ತದೆ. ಹಳೇ ಗೆರೆ ಇಲ್ಲವಲ್ಲ, ಎಷ್ಟು ಬೆಳೆದಿದ್ದೀಯೋ ತಿಳಿಯುವುದಿಲ್ಲ ಎಂದೆ.

"ಇರ್ಲಿ ಬಿಡ್ರಿ ಟೀಚರ್. ಆವಾಗ ನಾನು ಜೈತುನ್ ಟೀಚರ್ ಸೊಂಟಕ್ಕ ಬರ್ತಿದ್ದೆ. ಅವ್ರು ರಜಾ ಮುಗಿಸ್ಕೊಂಡು ಬಂದ್ರ ಬಾಜೂಕ ನಿಂತು ನೋಡ್ತೀನಿ."

ಹರಪನಹಳ್ಳಿಯಲ್ಲಿ ನಿನ್ನನ್ನು ಮಣ್ಣು ಮಾಡಿ ತಿಂಗಳಾಯಿತು. ಮಕ್ಕಳಿಗೆ ನಾವೆಲ್ಲ ನೀನು ರಜೆಯಲ್ಲಿದ್ದೀಯ ಎಂದೇ ಹೇಳಿಕೊಂಡು ಬಂದಿದ್ದೇವೆ.

"ಯಾವತ್ತು ಬರ್ತಾರ್ರಿ?" ಎಂದಳು, ಇನ್ನೂ ಗೋಡೆಗೆ ಒರಗಿಕೊಂಡೇ.

ಏನು ಹೇಳಲಿ, ನೀನೇ ಹೇಳು.