ಎರಡು ವರ್ಷದ ವಿನಾಯಿತಿ

ರುಮೈಥಿಯಾ, ಕುವೈತ್
7 ಮಾರ್ಚ್ 2025, ಶುಕ್ರವಾರ

ಪ್ರೀತಿಯ ಲೊರೈನ್,

ನೀನು ಆರೋಗ್ಯವಾಗಿದ್ದೀ ಎಂದು ನಂಬಿದ್ದೇನೆ. ಅಷ್ಟು ದೊಡ್ಡ ಸುದ್ದಿ ಹೇಳಿದರೂ ಮಮ್ಮಿ ಫೋನಿನಲ್ಲಿ "ಒಳ್ಳೆಯದಾಯಿತು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳಲ್ಲ ಎಂದು ಬೇಸರಿಸಬೇಡ. ರಮ್ಜಾನ್ ಆದ್ದರಿಂದ ಕ್ಲಿನಿಕ್ಕಿನಲ್ಲಿ ಡ್ಯೂಟಿಯೆಲ್ಲ ಅದಲು ಬದಲು. ಅದೂ ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಬೇಗ ಅಳುತ್ತೇವೆ. ನನ್ನ ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಗೊತ್ತು. ನಿಧಾನವಾಗಿಯೇ ಓದು, ಪುತಾ.

ಇವತ್ತು ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಬರುವಾಗ ಕ್ರಿಸ್ಟಿನಾ ಆಂಟಿ ಸಿಕ್ಕಿದರು. "ಲೊರೈನ್‌ಗೆ ವೀಸಾ ಫ್ರೀ ಆಯಿತಂತೆ?" ಎಂದರು. ನಿನ್ನ ಪಪ್ಪನಿಗೆ ವಿವರಿಸುವುದೆಂದರೆ ಖುಷಿಯಲ್ಲವಾ. "ಹಾಗಲ್ಲ ಮಾರಾಯ್ತಿ. ಅಮೆರಿಕದಲ್ಲಿ ಅವಳ ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶಕ್ಕೆ ಬಂದು ಇರಬೇಕಿತ್ತು. ಡಾಕ್ಟರೇ ಸಿಗದ ಊರಲ್ಲಿ ಮೂರು ವರ್ಷ ದುಡಿಯುತ್ತೇನೆ ಅಂತ ಒಪ್ಪಿದಳು, ಆ ಷರತ್ತು ಮನ್ನಾ ಮಾಡಿದರು."

"ಹಾಗಾದರೆ ಊರಿಗೆ ಬರುವುದಿಲ್ಲವಾ?" ಎಂದರು ಆಂಟಿ. ಪಪ್ಪ ಕಾರಿನ ಕೀ ಹುಡುಕತೊಡಗಿದರು.

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ಸ್ವಂತ ದೇಶ ಎಂದರೆ ನಿನಗೆ ಯಾವುದು? ಹುಟ್ಟಿ ಬೆಳೆದದ್ದು ಇಲ್ಲಿ. ಓದಲು ಮಂಗಳೂರಿಗೆ ಹೋದೆ, ಇಲ್ಲಿ ಇರಲು ಕೊಟ್ಟಿದ್ದ ನಿನ್ನ ಇಕಾಮಾ ತಾನಾಗಿಯೇ ರದ್ದಾಯಿತು. ಈಗ ವಿಸಿಟ್ ವೀಸಾ ಇಲ್ಲದೆ ನೀನು ಹುಟ್ಟಿದ ಊರಿಗೇ ಬರುವ ಹಾಗಿಲ್ಲ. ಪಾಸ್‌ಪೋರ್ಟ್ ಭಾರತದ್ದು, ಆದರೆ ಅಲ್ಲಿ ನಿನಗೆ ಗೊತ್ತಿರುವುದು ಹಾಸ್ಟೆಲಿನ ಕೋಣೆ ಮತ್ತು ಮೇ ತಿಂಗಳ ರಜೆ. ಈಗ ನೆಬ್ರಾಸ್ಕಾದ ಒಂದು ಸಣ್ಣ ಊರು ನಿನ್ನನ್ನು ಬೇಕು ಎನ್ನುತ್ತಿದೆ. ಅಲ್ಲಿ ಹಳೆಯ ಡಾಕ್ಟರು ನಿವೃತ್ತರಾದ ಮೇಲೆ ಹೆಂಗಸೊಬ್ಬಳು ಆಸ್ಪತ್ರೆಯ ದಾರಿಯಲ್ಲೇ, ಹಿಮದ ನಡುವೆ, ಕಾರಿನಲ್ಲಿ ಹೆತ್ತಳು ಎಂದೆಯಲ್ಲ. ಇಷ್ಟು ವರ್ಷ ನರ್ಸ್ ಆಗಿ ದುಡಿದವಳು ನಾನು. ಅದನ್ನು ಕೇಳಿದ ಮೇಲೆ ನಿನಗೆ ಹೋಗಬೇಡ ಎನ್ನಲು ಬಾಯಿ ಬರಲಿಲ್ಲ.

ಫಾರ್ಮಸಿಯ ಆಯಿಶತ್ ನಿಶಾ ಕೇಳಿದಳು, "ಮಗಳಿಗೆ ಅಲ್ಲಿ ಯಾರಿದ್ದಾರೆ ಸಿಸ್ಟರ್?" "ಊರಿಗೆ ಊರೇ ಕಾಯುತ್ತಿದೆ" ಎಂದೆ. ಹೇಳುವಾಗ ಹೆಮ್ಮೆಯಾಯಿತು, ನಿಜವಾಗಿಯೂ.

ಹಿಮದಲ್ಲಿ ಕಾರು ಓಡಿಸಲು ಯಾರಿಂದಲಾದರೂ ಸರಿಯಾಗಿ ಕಲಿತುಕೋ. ಮುದುಕರು ಮೊದಮೊದಲು ನಿನ್ನನ್ನು ನಂಬಲಿಕ್ಕಿಲ್ಲ, ಅದಕ್ಕೆ ಮುಖ ಸಣ್ಣ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ಆ ಊರಿಗೆ ಹಿಡಿಯಲಿ, ಮರಿಯಮ್ಮ ನಿನ್ನ ಜೊತೆಗಿರಲಿ.

ನಿನ್ನ ಮಮ್ಮಿ,
ಮಗ್ದಲೀನ್

ತಾ.ಕ.: ಇದನ್ನು ಬರೆಯಬೇಡ ಎಂದರು ಪಪ್ಪ. ಆದರೆ ನಿನಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡ. ವಿನಾಯಿತಿ ಸಿಗುವುದು ಕಷ್ಟ ಎಂದು ನೀನೇ ಹೇಳಿದ್ದೆ. ಎರಡು ವರ್ಷ ಊರಿಗೆ ಬರುತ್ತೀ ಎಂದುಕೊಂಡು ಜನವರಿಯಲ್ಲೇ ರಾಜೀನಾಮೆ ಕೊಟ್ಟುಬಿಟ್ಟೆ. ಹದಿನೇಳಕ್ಕೆ ಮನೆ ಬಿಟ್ಟವಳು ನೀನು, ಈಗಲಾದರೂ ಒಂದೇ ಸೂರಿನಡಿ ಇರೋಣ ಎಂದು ಮಂಗಳೂರಿನ ಬಿಜೈಯಲ್ಲಿ ಬಾಡಿಗೆ ಮನೆಯನ್ನೂ ಹಿಡಿದೆ. ನಿನ್ನ ಸುದ್ದಿ ಬಂದ ಮೇಲೆ ರಾಜೀನಾಮೆ ವಾಪಸ್ ಕೇಳಿದೆ. "ಖಲಾಸ್ ಸಿಸ್ಟರ್, ಹೊಸಬಳು ಬಂದಾಯಿತು" ಎಂದರು. ಕೆಲಸದ ಜೊತೆಗೆ ನನ್ನ ಇಕಾಮಾವೂ ಮುಗಿಯುತ್ತದೆ, ಪಪ್ಪನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಅವರು ಸುಲೈಬಿಯಾದ ಕಂಪೆನಿ ರೂಮಿಗೆ, ನಾನು ಬಿಜೈಗೆ. ಇದಕ್ಕಾಗಿ ಆ ಊರಿನವರಿಗೆ ಇಲ್ಲ ಎನ್ನಬೇಡ, ನನ್ನಾಣೆ. ಪುರಂದರ ಆಚಾರಿಗೆ ಎರಡು ಮಂಚ ಮಾಡಲು ಹೇಳಿದ್ದೆ. ಒಂದು ಸಾಕು ಎನ್ನಲು ಇನ್ನೂ ಫೋನ್ ಮಾಡಿಲ್ಲ.