ಕಿರೀಟ ಕದ್ದ ಮನೆಯಲ್ಲಿ ಊಟ

ಡಿಸೆಂಬರ್ 27, ಮಧ್ಯಾಹ್ನ

ತಮ್ಮ ಎಂಬ್ರಿಕ್ ಇನ್ನೂ ಬೂಟು ಹುಡುಕುತ್ತಿದ್ದಾನೆ. ಕಳ್ಳತನಕ್ಕೆ ಹೊರಟವನಿಗೆ ತನ್ನ ಬೂಟೇ ಸಿಗುತ್ತಿಲ್ಲ! ಫ್ಲಾಸ್ಕಿಗೆ ಕಾಫಿ ತುಂಬಿಸಿ, ಬ್ರೆಡ್ಡು ಕಟ್ಟಿ ಕಾದು ಕೂತಿದ್ದೇನೆ.

ಹಾಲ್‌ವಿಕ್ ಅಂತ ಸಣ್ಣ ಊರು. ಅಲ್ಲಿ ಗುನ್‌ವೋರ್ ಎಂಬ ಮುದುಕಿಯ ಕಪಾಟಿನಲ್ಲಿ ಹಳೇ ಕಾಲದ ಬೆಳ್ಳಿ ಕಿರೀಟ. ಊರಿನ ಹುಡುಗಿಯರೆಲ್ಲ ಮದುವೆಗೆ ತೊಡುವುದು. ಪೇಪರಿನಲ್ಲಿ ಫೋಟೋ ನೋಡಿದ್ದಾನೆ ಮಹಾರಾಯ. ಸಂಜೆ ಮನೆಯವರೆಲ್ಲ ಚರ್ಚಿನ ಹಬ್ಬದೂಟಕ್ಕೆ ಹೋಗುತ್ತಾರಂತೆ. ಬಾಗಿಲಿಗೆ ಬೀಗವೂ ಹಾಕುವುದಿಲ್ಲವಂತೆ.

ಇವನನ್ನು ಜೈಲಿನಿಂದ ಷರತ್ತಿನ ಮೇಲೆ ಬಿಟ್ಟಿದ್ದಾರೆ. ಇನ್ನೊಂದು ತಪ್ಪು ಮಾಡಿದರೆ ವರ್ಷಗಟ್ಟಲೆ ಒಳಗೆ. ಬೇಡವೋ ಅಂತ ಬಡಿದುಕೊಂಡೆ. ಕೇಳಲಿಲ್ಲ. ನಾನು ಹೋಗದಿದ್ದರೆ ಒಬ್ಬನೇ ಹೋಗುತ್ತಾನೆ. ಒಬ್ಬನೇ ಹೋದರೆ ಸಿಕ್ಕಿಬೀಳುತ್ತಾನೆ. ನನಗೆ ಅಂತ ಇರುವುದು ಅವನೊಬ್ಬನೇ ತಾನೇ.

ಮುಖ ಮುಚ್ಚಲು ಉಣ್ಣೆ ಟೊಪ್ಪಿ ತಾ ಅಂದರೆ ಆಟಿಕೆ ಅಂಗಡಿಯಿಂದ ಎರಡು ಮುಖವಾಡ ತಂದಿದ್ದಾನೆ. ಒಂದು ಹಂದಿ, ಒಂದು ಗಡ್ಡದ ಮುದುಕ.

“ನಾನು ಹಂದಿ, ನೀನು ಮುದುಕ, ಅಕ್ಕ.”

“ಮುಖವಾಡ ಯಾಕೋ ನಿನಗೆ? ಹಾಗೇ ಹೋಗು” ಅಂದೆ. ನಗುತ್ತಾನೆ, ನಾಚಿಕೆಗೆಟ್ಟವನು.

ಬೂಟು ಸಿಕ್ಕಿತು. ಕಾರಿನಲ್ಲೇ ಇತ್ತು.

ಡಿ. 27, ರಾತ್ರಿ

ಗುನ್‌ವೋರ್ ಮನೆ. ಮಹಡಿ ಕೋಣೆ. ಹೌದು, ಅವಳ ಮನೆಯಲ್ಲೇ, ಅವಳೇ ಹಾಸಿಕೊಟ್ಟ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೀಗ ಇರಲಿಲ್ಲ, ನಿಜ. ಮುಖವಾಡ ಹಾಕಿ ಒಳಗೆ ಹೋದೆವು. ಚಳಿಗೆ ತುಪ್ಪಳ ಮೈಗೆ ತಾಗಲಿ ಅಂತ ಅಪ್ಪನ ಕೋಟನ್ನು ಒಳಮೈ ಹೊರಗೆ ಮಾಡಿ ಹಾಕಿದ್ದೆ. ಎಂಬ್ರಿಕ್ ಕಪಾಟು ತೆರೆದ, ಪೆಟ್ಟಿಗೆಯಿಂದ ಕಿರೀಟ ತೆಗೆದು ಚೀಲಕ್ಕೆ ಹಾಕಿದ. ಸುತ್ತಲೂ ಎಲೆಯಂಥ ಬೆಳ್ಳಿ ತಗಡು ಜೋತಾಡುತ್ತವೆ. ಅಲುಗಾಡಿದರೆ ಕಿಣಿಕಿಣಿ. ಹೊರಡಬೇಕು ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಮುದುಕಿ, ಅವಳ ಮೊಮ್ಮಗಳು, ಹಿಂದೆ ಅರ್ಧ ಊರು. ಚರ್ಚಿನ ಒಲೆ ಕೆಟ್ಟು ಊಟ ಇಲ್ಲಿಗೇ ಬಂದಿದೆ.

ಮುದುಕಿ ಚಪ್ಪಾಳೆ ತಟ್ಟಿದಳು. “ಅಯ್ಯೋ, ವೇಷದವ್ರು ಬಂದವ್ರೆ ನೋಡ್ರೇ! ಈ ವರ್ಷ ಯಾರೂ ಬರ್ಲಿಲ್ಲವಲ್ಲ ಅಂತ ಬೇಜಾರಾಗಿತ್ತು!”

ಆಮೇಲೆ ಹೊಳೆಯಿತು. ಕ್ರಿಸ್ಮಸ್‌ನಿಂದ ಹೊಸ ವರ್ಷದ ತನಕ ಹಳ್ಳಿ ಕಡೆ ಮುಖವಾಡ ಹಾಕಿ, ಕೋಟು ತಿರುವಿ ಹಾಕಿ, ಮನೆ ಮನೆಗೆ ನುಗ್ಗುವ ಪದ್ಧತಿ. ಬಂದವರು ದನಿ ಬದಲಿಸಬೇಕು. ಮನೆಯವರು ಯಾರೆಂದು ಹೇಳಬೇಕು. ಹೇಳಲಾಗದಿದ್ದರೆ ವೇಷದವರೇ ಮುಖ ತೋರಿಸಬೇಕು. ಪೇಟೆಯಲ್ಲಿ ಬೆಳೆದ ನಮಗೆ ಇದೆಲ್ಲ ಎಲ್ಲಿ ನೆನಪಿರಬೇಕು?

“ಹಂದಿ ಯಾರು ಅಂತ ನಂಗೊತ್ತು” ಅಂದ ಒಬ್ಬ ದಪ್ಪ ಮನುಷ್ಯ. “ಬೇಕರಿ ಟೂರ್‌ಸ್ಟೈನ್! ಹೊಟ್ಟೆ ನೋಡಿ!”

ಎಂಬ್ರಿಕ್ ಜೋರಾಗಿ ತಲೆಯಾಡಿಸಿದ. ಬೇಕರಿಯವನು ಅವನ ಹಿಂದೆಯೇ ನಿಂತಿದ್ದ. “ಲೋ ಸ್ಟೈನಾರ್, ನನ್ನ ಹೊಟ್ಟೆ ಅಷ್ಟಿದೆಯೇನೋ? ಪೊಲೀಸ್ ಆಗಿ ಇಷ್ಟೂ ಗೊತ್ತಾಗಲ್ವಾ?”

ಪೊಲೀಸ್! ಊರಿಗೆ ಇರುವ ಒಬ್ಬನೇ ಪೊಲೀಸ್. ಅಷ್ಟರಲ್ಲಿ ಯಾರೋ ಅಕಾರ್ಡಿಯನ್ ತೆಗೆದರು. ಕುಣಿಸಿದರು. ಎಂಬ್ರಿಕ್ ಚೀಲ ತಬ್ಬಿಕೊಂಡು ಕುಣಿದ, ಕಿಣಿಕಿಣಿ ಕಿಣಿಕಿಣಿ. “ಗೆಜ್ಜೆ ಬೇರೆ ತಂದವ್ನೆ!” ಅಂತ ಪೊಲೀಸಪ್ಪ ತಾಳ ಹಾಕಿದ. ಯಾರಿಗೂ ಗುರುತು ಸಿಗಲಿಲ್ಲ. ಮುಖವಾಡ ತೆಗೆಯಲೇಬೇಕಾಯಿತು.

“ನಿಮ್ಮನ್ನ ಈ ಕಡೆ ನೋಡೇ ಇಲ್ವಲ್ಲ” ಅಂದಳು ಮುದುಕಿ.

“ಕಾರು ಹಳ್ಳಕ್ಕೆ ಬಿದ್ದಿದೆ, ಅಜ್ಜಿ” ಅಂದ ಎಂಬ್ರಿಕ್. “ಸಹಾಯ ಕೇಳೋಣ ಅಂತ...”

“ಹಂದಿ ಮುಖ ಹಾಕ್ಕೊಂಡು?”

“ಹಬ್ಬ ಅಲ್ವಾ...”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾರು ಎತ್ತೋಣ ಅಂತ ಸ್ಟೈನಾರ್ ಹಗ್ಗ ಹುಡುಕಲು ಹೋದ. ಕಾರು ರಸ್ತೆ ಬದಿಯಲ್ಲಿ ಚೆನ್ನಾಗೇ ನಿಂತಿತ್ತು! ನನ್ನ ತಮ್ಮ ಹಿಂಬಾಗಿಲಿನಿಂದ ಓಡಿಹೋಗಿ, ಹೇಳಿದ ಸುಳ್ಳನ್ನು ನಿಜ ಮಾಡಲು, ಕಾರನ್ನು ತಾನೇ ಹಳ್ಳಕ್ಕೆ ಇಳಿಸಿದ. ಇಳಿಸಿದ್ದೂ ಎಂಥ ಇಳಿಸುವುದು, ಮುಂದಿನ ಚಕ್ರವೇ ಸೊಟ್ಟ. ರಿಪೇರಿಗೆ ಮೂರು ದಿನ. ಸಾಲದ್ದಕ್ಕೆ ಹಿಮ ಸುರಿದು ಘಾಟಿ ರಸ್ತೆಯೂ ಮುಚ್ಚಿತು.

ಕುರಿ ಪಕ್ಕೆಲುಬು, ಆಲೂಗಡ್ಡೆ, ಬೆಣ್ಣೆ ಹಾಕಿದ ಅಕ್ಕಿ ಪಾಯಸ. ಬೇಡ ಅಂದರೂ ಬಡಿಸಿದರು. ಕಿರೀಟ ನನ್ನ ಮಂಚದ ಕೆಳಗಿದೆ. ಎಂಬ್ರಿಕ್ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.

ಡಿ. 28

ಮೊಮ್ಮಗಳ ಹೆಸರು ಇಂಗೆಲೈವ್. ನಾಡಿದ್ದು ಅವಳದೇ ಮದುವೆ. ಆ ಕಿರೀಟ ತೊಟ್ಟು!

ಬೆಳಿಗ್ಗೆ ಲಂಗದ ಅಂಚು ಹಿಡಿದುಕೊಂಡು ಬಂದಳು. “ಆಂಟಿ, ನಿಮಗೆ ಹೊಲಿಗೆ ಬರುತ್ತಂತೆ? ಅಜ್ಜಿಗೆ ಕಣ್ಣು ಕಾಣ್ಸಲ್ಲ.” ಬರುವುದಿಲ್ಲ ಅನ್ನಬಹುದಿತ್ತು. ಸೂಜಿ ಹಿಡಿದೆ.

“ಅಮ್ಮ ತೊಟ್ಟಿದ್ದೂ ಅದೇ ಕಿರೀಟ” ಅಂದಳು. “ಅಮ್ಮ ಈಗಿಲ್ಲ. ಅದನ್ನ ತಲೆ ಮೇಲೆ ಇಟ್ಕೊಂಡ್ರೆ ಅಮ್ಮ ಪಕ್ಕದಲ್ಲೇ ಇದ್ದಂಗೆ ಆಗುತ್ತೆ ಅಂತ ಚಿಕ್ಕೋಳಿದ್ದಾಗಿಂದ ಅಂದ್ಕೊಂಡಿದ್ದೀನಿ. ಅಜ್ಜಿ ನೋಡಿ, ಮದುವೆ ದಿನದ ತನಕ ಪೆಟ್ಟಿಗೆ ಮುಟ್ಟೋಕೇ ಬಿಡ್ತಿಲ್ಲ.”

ಸೂಜಿ ಬೆರಳಿಗೆ ಚುಚ್ಚಿತು. ಛೀ, ಎಂಥ ಜನ್ಮ ನಮ್ಮದು.

ಎಂಬ್ರಿಕ್‌ಗೆ ಹೇಳಿದೆ. ಸಲಿಕೆ ತೆಗೆದುಕೊಂಡು ಹೊರಗೆ ಹೋಗಿ ಸಂಜೆಯ ತನಕ ಬೀದಿಯ ಹಿಮ ಎತ್ತಿದ. ಅಕ್ಕಪಕ್ಕದವರೆಲ್ಲ ಅವನಿಗೆ ಕಾಫಿ, ಬಿಸ್ಕತ್ತು. ಏಳು ಮನೆಯ ಕಾಫಿ ಕುಡಿದು ರಾತ್ರಿ ಹೊಟ್ಟೆ ಹಿಡಿದುಕೊಂಡು ಬಂದ.

“ವಾಪಸ್ ಇಟ್ಬಿಡ್ತೀನಿ, ಅಕ್ಕ.”

“ಯಾರೂ ನೋಡದ ಹಾಗೆ ಇಡು. ಸಿಕ್ಕಿಹಾಕ್ಕೊಂಡ್ರೆ ಇಟ್ಟಿದ್ದು, ಕದ್ದಿದ್ದು ಎಲ್ಲಾ ಒಂದೇ ಅವರಿಗೆ. ಸೀದಾ ಒಳಗೆ.”

ಇಡುವುದು ಹೇಗೆ? ಕಪಾಟಿನ ಕೋಣೆಯಲ್ಲಿ ದಿನವಿಡೀ ಜನ. ಕೇಕ್ ಮಾಡುವವರು, ಹಾಡುವವರು, ಸುಮ್ಮನೆ ಕೂರುವವರು.

ಡಿ. 29, ಸಂಜೆ

ಆಯಿತು. ಬರೆದಿಡುತ್ತೇನೆ.

ಮಧ್ಯಾಹ್ನ ಎಲ್ಲರೂ ಚರ್ಚು ಸಿಂಗರಿಸಲು ಹೋದರು. ಎಂಬ್ರಿಕ್ ಕಿರೀಟವನ್ನು ನನ್ನ ಉಣ್ಣೆ ಶಾಲಿನಲ್ಲಿ ಸುತ್ತಿ ಕೆಳಗಿಳಿದ. ನಾನು ಮೆಟ್ಟಿಲಲ್ಲಿ ಕಾವಲು. ಕೋಣೆ ಖಾಲಿ ಅಂದುಕೊಂಡಿದ್ದೆವು. ಮುದುಕಿ ಒಲೆ ಪಕ್ಕದ ಕುರ್ಚಿಯಲ್ಲೇ ಇದ್ದಳು.

“ಎಡಗಡೆ ತಿರುಗಿಸಿ ಇಡು, ಮಗಾ. ಎಲೆ ಬಗ್ಗೋದು ಬೇಡ.”

ಎಂಬ್ರಿಕ್ ಇಟ್ಟ. ಪೆಟ್ಟಿಗೆ ಮುಚ್ಚಿದ ಸದ್ದು. ಆಮೇಲೆ ಅವನ ದನಿ. “ಯಾವಾಗಿಂದ ಗೊತ್ತು?”

“ಇಡೀ ಸಾಯಂಕಾಲ ಚೀಲ ತಬ್ಕೊಂಡು ಕುಣಿದೆಯಲ್ಲಪ್ಪ. ಈ ಊರಿನ ಎಷ್ಟು ಹುಡುಗೀರ ತಲೆ ಮೇಲೆ ಅದನ್ನ ಇಟ್ಟಿದ್ದೀನಿ. ಆ ಸದ್ದು ನಂಗೆ ಗೊತ್ತಾಗಲ್ವಾ?”

“ಮತ್ತೆ... ಸುಮ್ನೆ ಯಾಕಿದ್ರಿ?”

“ರಸ್ತೆ ಮುಚ್ಚಿದೆ, ಕಾರು ಮುರ್ಕೊಂಡಿದ್ದೀಯ. ಎಲ್ಲಿಗೆ ಹೋಗ್ತಿದ್ದೆ? ಸ್ಟೈನಾರ್‌ಗೂ ಹೇಳ್ದೆ. ಮದುವೆ ಬೆಳಿಗ್ಗೆ ತನಕ ಕಾಯಪ್ಪ, ಹುಡುಗ ತಾನೇ ತಂದಿಡ್ತಾನೆ ಅಂತ.”

“ಇಡದೇ ಹೋಗಿದ್ರೆ?”

“ಅವನೂ ಅದನ್ನೇ ಕೇಳ್ದ” ಅಂದಳು ಮುದುಕಿ. “ಹೋಗು, ಸೌದೆ ತಗೊಂಡು ಬಾ. ಒಲೆ ಆರ್ತಾ ಇದೆ.”

ನಾನು ಮೆಟ್ಟಿಲಲ್ಲೇ ಕೂತು ಅತ್ತೆ. ಸದ್ದಾಗದ ಹಾಗೆ.

ಡಿ. 30

ಮದುವೆ. ಇಂಗೆಲೈವ್ ನಡೆದಳು. ಕಿರೀಟ ಅಲುಗಿದಾಗಲೆಲ್ಲ ಎಂಬ್ರಿಕ್ ತಲೆ ತಗ್ಗಿಸಿದ. ಲಂಗದ ಅಂಚು ನೇರವಾಗಿ ಬಿದ್ದಿತ್ತು, ಅಷ್ಟು ನನ್ನ ಪುಣ್ಯ.

ಊಟದಲ್ಲಿ ಸ್ಟೈನಾರ್ ನಮ್ಮೆದುರು ಬಂದು ಕೂತ. ಇನ್ನೇನು ಮುಗಿಯಿತು ಅಂದುಕೊಂಡೆ.

“ಏನೂ ಕಳೆದಿಲ್ಲ ಅಂದ್ಮೇಲೆ ನಾನೇನು ಬರ್ಕೊಳ್ಲಿ?” ಅಂದ. “ಆದ್ರೆ ಆ ಹಂದಿ ಮುಖವಾಡ ಬಿಟ್ಟು ಹೋಗಪ್ಪ. ನನ್ನ ಹೆಂಡ್ತಿ ಕೇಳ್ತಾ ಅವ್ಳೆ.”

ಎಂಬ್ರಿಕ್ ಕುಡಿಯಲಿಲ್ಲ. ಪಾತ್ರೆ ತೊಳೆದ. ಅವನನ್ನು ಹೀಗೆ ನೋಡಿ ಎಷ್ಟು ಕಾಲವಾಯಿತೋ. ಜೀವ ಹಗುರಾಯಿತು.

ಡಿ. 31, ಬೆಳಿಗ್ಗೆ, ಕಾರಿನಲ್ಲಿ

ರಸ್ತೆ ತೆರೆದಿದೆ. ಕಾರು ಸರಿಯಾಗಿದೆ. ಇಂಜಿನ್ ಬಿಸಿ ಮಾಡುತ್ತ ಕೂತಿದ್ದೆ. ಎಂಬ್ರಿಕ್ ಬಾಯಿಗೆ ಬಂದ ಹಾಡು ಹೇಳುತ್ತ ಬಂದ. ಕೈಯಲ್ಲಿ ಅದೇ ಚೀಲ. ಉಬ್ಬಿದ ಚೀಲ.

ಕಿತ್ತುಕೊಂಡೆ. ಬಿಸ್ಕತ್ತಿನ ಡಬ್ಬಿ, ಚೀಸು, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಎರಡು ಬೆಳ್ಳಿ ಚಮಚ.

ಕಿರುಚಿದೆ. ಏನೇನು ಅಂದೆನೋ. ಉಂಡ ಮನೆಗೆ ದ್ರೋಹ ಬಗೆದೆಯಲ್ಲೋ, ನೀನು ಸತ್ತರೂ ಸುಧಾರಿಸಲ್ಲ ಅಂತಲೂ ಅಂದೆ.

“ಅಜ್ಜಿ ಕೊಟ್ರು, ಅಕ್ಕ.”

“ಸುಳ್ಳು!”

ಅವನು ಜಗಳಕ್ಕೆ ಬರಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿ ಗೇಟಿನ ಕಡೆ ಹೋದ.

ಚೀಲ ಹಿಡಿದು ಒಳಗೆ ಓಡಿದೆ. ಮುದುಕಿ ಹಿಟ್ಟು ನಾದುತ್ತಿದ್ದಳು. ಚಮಚ ನೋಡಿ ಮುಖ ಅರಳಿಸಿದಳು. “ಮದುವೆಗೆ ದುಡಿದೋರಿಗೆ ಕೊಡೋದು ತಾಯಿ, ನಮ್ಮ ಮನೆ ಪದ್ಧತಿ. ಅವನು ಬೇಡವೇ ಬೇಡ ಅಂದ. ಅಕ್ಕನ ಪಾಲಿಂದು ಬೇಕಾದ್ರೆ ಕೊಡಿ ಅಂದ. ನಾನೇ ಬೈದು ಎರಡೂ ಹಾಕ್ದೆ.”

ಈಗ ಕಾರಿನಲ್ಲಿ ಕೂತಿದ್ದೇನೆ. ಅವನು ಗೇಟಿನ ಹತ್ತಿರ ಹಿಮ ಎತ್ತುತ್ತಿದ್ದಾನೆ. ಎತ್ತಲು ಅಲ್ಲಿ ಹಿಮವೇ ಇಲ್ಲ. ಬೆನ್ನು ನನ್ನ ಕಡೆ. ನಾಲ್ಕೇ ದಿನ ನೋಡಿದವಳು ಅವನನ್ನು ನಂಬಿದಳು. ಒಡಹುಟ್ಟಿದ ನಾನು ಬಾಗಿಲ ತನಕ ಹೋಗಿ ಕೇಳುವಷ್ಟೂ ಕಾಯಲಿಲ್ಲ.

ಏನು ಹೇಳಬೇಕು ಅಂತ ಇಲ್ಲಿ ಬರೆದುಕೊಂಡು ಹೋಗೋಣ ಅಂದುಕೊಂಡೆ. ಎಂಬ್ರಿಕ್, ನಾನು... ಎಂಬ್ರಿಕ್, ನನ್ನನ್ನು...

ತಿರುಗಿ ನೋಡಿದ. ಸಾಕು ಬರೆದದ್ದು, ಇಳಿದು ಹೋ...