ಬೋರೆ ಮೇಲಿನ ಕಲ್ಲು

21-2-1996, ಬುಧವಾರ

ಆ ಕಲ್ಲನ್ನು ಯಾಕಾದರೂ ಮುಟ್ಟಿದೆನೋ.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗಿಂದ ಮದುವೆ ಫೋಟೋ ತೆಗೆದು ತೆಗೆದು, ಮನುಷ್ಯರ ಮುಖ ಕಂಡರೇ ಉರಿಯುತ್ತೆ. ಅದಕ್ಕೇ ಇವತ್ತು ಕ್ಯಾಮರಾ ತಗೊಂಡು ನಾಗಮಂಗಲದಾಚೆ ಬೀಳು ಬಿದ್ದ ಬೋರೆಗೆ ಹೋಗಿದ್ದೆ. ಮನೆ ಇಲ್ಲ, ಕಂಬ ಇಲ್ಲ. ಬರೀ ಕೆಂಪು ನೆಲ, ದೂರದಲ್ಲೊಂದು ಗುಡ್ಡ. ಮಧ್ಯದಲ್ಲಿ ಮೊಣಕಾಲುದ್ದದ ಒಂದು ಕಲ್ಲು ಚಿತ್ರ ಕೆಡಿಸುತ್ತಿತ್ತು. ಕಿತ್ತು ಉರುಳಿಸಿದೆ. ಗುಂಡಿ ಕಾಣಬಾರದು ಅಂತ ಕಾಲಲ್ಲಿ ಮಣ್ಣೆಳೆದು ಸಮ ಮಾಡಿದೆ.

ಬಿಸಿಲು ಇಳಿಯುವಾಗ ಆಡು ಹೊಡಕೊಂಡು ಒಂದು ಅಜ್ಜಿ ಬಂತು.

"ಪಕ್ಕಕ್ಕೋಗವ್ವ, ಯಾರೂ ಇಲ್ದಂಗೆ ಫೋಟೋ ತೆಗೀಬೇಕು" ಅಂತ ಕೂಗಿದೆ.

"ಯಾರೂ ಇಲ್ವಾ? ನಮ್ಮೆಜಮಾನ್ರು ಇಲ್ಲೇ ಮಲಗವ್ರೆ ಕಣ್ಲಾ. ತಲೆ ತಾವ ಕಲ್ಲು ನೆಟ್ಟಿದ್ದೆ, ಎಲ್ಲಪ್ಪಾ ಅದು?"

ತೋರಿಸಿದೆ. ಬೈಯಲಿಲ್ಲ. "ಎಲ್ಲಿತ್ತೋ ಅಲ್ಲೇ ಮಡಗ್ಬುಡು ಮಗಾ" ಅಂತು.

ಅಷ್ಟರಲ್ಲಿ ಆಡುಗಳು ಎಲ್ಲಾ ತುಳಿದಾಡಿದ್ದವು, ನಾನೇ ಕಿತ್ತ ಜಾಗ ನನಗೇ ಸಿಗಲಿಲ್ಲ. ಅಜ್ಜಿಗೂ ಸಿಗಲಿಲ್ಲ. "ಕಣ್ಣು ಮಂಜು ಕಣಪ್ಪ, ನಂಗೆ ಆ ಕಲ್ಲೇ ಗುರ್ತು" ಅಂತು. ಕೊನೆಗೆ ಇಲ್ಲೇ ಅಂತ ಸುಳ್ಳು ಹೇಳಿ ಒಂದು ಕಡೆ ನೆಟ್ಟೆ. ಅಜ್ಜಿ ಅಲ್ಲಿಗೇ ಕೈ ಮುಗೀತು.

ಕಲ್ಲಿನ ಮೇಲೆ ಒಂದು ಹೆಸರು ಬರೆಸಿದ್ದರೆ ನಾನು ಮುಟ್ಟುತ್ತಿದ್ದೆನಾ? ಥೂ, ಸಿಟ್ಟು ಯಾರ ಮೇಲೆ ಅಂತಲೇ ತಿಳೀತಿಲ್ಲ.

ಕಲ್ಲು ಕೀಳೋ ಮುಂಚೆ ಒಂದು ಫೋಟೋ ಹೊಡೆದ ನೆನಪು. ಹೊಡೆದೆನಾ, ಬರೀ ಕಣ್ಣಿಟ್ಟು ನೋಡಿದೆನಾ? ಹೊಡೆದಿದ್ದರೆ ಆ ಕೆಟ್ಟ ಚಿತ್ರದಲ್ಲೇ ಜಾಗ ಇದೆ, ಗುಡ್ಡದ ಗುರುತು ಹಿಡಿದು ವಾಪಸ್ ನೆಡಬಹುದು. ರೋಲು ತೊಳೆಸೋವರೆಗೂ ಗೊತ್ತಾಗಲ್ಲ. ಅಲ್ಲಿವರೆಗೂ ಆ ಅಜ್ಜಿ ದಿನಾ ಬರೀ ಮಣ್ಣಿಗೆ ಕೈ ಮುಗಿಯುತ್ತೆ, ನಾನು ಇಲ್ಲಿ ರೋಲು ಹಿಡಕೊಂಡು ಕಾಯ್ತಾ ಕೂತಿರಬೇಕು.